ಗೊಣಗಾಟ ಬಿಟ್ಟ ನಲವತ್ತು ದಿನ

ಬೀದಿಯವರೆಲ್ಲ ಅವರನ್ನು ಮಾಸ್ತರು ಎಂದೇ ಕರೆಯುತ್ತಿದ್ದರು. ಹಾಗಂತ ಯಾರಿಗೂ ಒಂದಕ್ಷರ ಕಲಿಸಿದವರಲ್ಲ, ಬಟ್ಟೆ ಹೊಲಿಯುವವರು. ಉಪದೇಶ ಮಾಡುವುದರಲ್ಲಿ ಮಾತ್ರ ಯಾವ ಶಾಲೆಯ ಮೇಷ್ಟರಿಗೂ ಕಮ್ಮಿಯಿರಲಿಲ್ಲ. ಪ್ಯಾಂಟಿನ ಅಳತೆ ಕೊಡಲು ಬಂದವನು ಸೊಂಟನೋವು ಅಂದರೆ ಸಾಕು, ಟೇಪನ್ನು ಕೊರಳಿಗೆ ಹಾಕಿಕೊಂಡು ಶುರು ಹಚ್ಚಿಕೊಳ್ಳುತ್ತಿದ್ದರು: "ಯೇಸುಸ್ವಾಮಿ ಅಷ್ಟು ದೊಡ್ಡ ಶಿಲುಬೆ ಹೊತ್ರು. ನಿಮಗೆ ನಿಮ್ಮದೇ ಒಂದು ಸೊಂಟ ಹೊರೋಕಾಗಲ್ವಾ?" ಬಂದವನು ನಕ್ಕು ಹೋಗುತ್ತಿದ್ದ. ಅದು ತೋರಿಕೆಯ ಭಕ್ತಿಯಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡು ವರ್ಷ ಮಂಡಿನೋವನ್ನು ಹಲ್ಲುಕಚ್ಚಿ ಸಹಿಸಿಕೊಂಡೇ ಮೆಷಿನ್ ತುಳಿದವರು ಅವರು. ದೇವರಿಗೆ ಒಪ್ಪಿಸಿದ ನೋವು ಎಂದೂ ವ್ಯರ್ಥವಾಗುವುದಿಲ್ಲ ಎಂದು ಮನಸಾರೆ ನಂಬಿದ್ದರು.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಬಾಗಿಲ ಹತ್ತಿರ ಮಾಸ್ತರ ಮೆಷಿನ್, ಕಿಟಕಿಯ ಕೆಳಗೆ ಹೆಂಡತಿಯ ಸ್ಟೂಲು. ಗುಂಡಿ ತೂರಿಸುವ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು ಅವಳ ಪಾಲಿನ ಕೆಲಸ. ಅವಳ ಕೈಯ ಕಾಜಾ ಬೇಕೆಂದೇ ದೂರದಿಂದ ಕೋಟು ಹೊಲಿಸಲು ಬರುವವರಿದ್ದರು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ದಾರ ಗಂಟಾದರೆ ದಾರ ಮಾರಿದವನಿಗೆ, ಬಿಸಿಲು ಹೆಚ್ಚಾದರೆ ಸೂರ್ಯನಿಗೆ, ಯಾರೂ ಸಿಗದಿದ್ದರೆ ಗಂಡನಿಗೆ, ಬೆಳಗಿನಿಂದ ಸಂಜೆಯ ತನಕ ಒಂದಲ್ಲ ಒಂದು ಗೊಣಗಾಟ ನಡೆದೇ ಇರುತ್ತಿತ್ತು.

ಪ್ರತಿ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಇಬ್ಬರೂ ತಮಗೆ ಇಷ್ಟವಾದ ಒಂದೊಂದನ್ನು ಬಿಡುತ್ತಿದ್ದರು. ತನ್ನದನ್ನು ತಾನೇ ಆರಿಸಿಕೊಳ್ಳುವುದು ವಾಡಿಕೆ. ಆ ವರ್ಷ ಮಾಸ್ತರು ತಾವು ಸಕ್ಕರೆ ಬಿಡುವುದೆಂದು ತೀರ್ಮಾನಿಸಿ, ಹೆಂಡತಿ ಏನು ಬಿಡಬೇಕೆಂಬುದನ್ನೂ ತಾವೇ ತೀರ್ಮಾನಿಸಿದರು.

"ಈ ಸಲ ನೀನು ಗೊಣಗೋದು ಬಿಡು. ಏನೇ ಆಗ್ಲಿ, ನನಗೆ ಹಾಗಾಯ್ತು ಹೀಗಾಯ್ತು ಅನ್ನಬಾರದು. ಎಲ್ಲ ದೇವರಿಗೆ ಒಪ್ಪಿಸಿಬಿಡಬೇಕು."

"ಎಲ್ಲಾನೂ?" ಎಂದಳು ಅವಳು.

"ಎಲ್ಲಾನೂ."

"ಆಯ್ತು ರೀ. ನೋಡೇಬಿಡೋಣ."

ಮಾಸ್ತರು ಅಂದದ್ದು ಅರ್ಧ ತಮಾಷೆಗೆ. ಅವಳು ಪೂರ್ತಿಯಾಗಿ ತೆಗೆದುಕೊಂಡಳು. ಮಾರನೆಯ ದಿನದಿಂದ ತುಟಿ ಪಿಟಕ್ಕೆನ್ನಲಿಲ್ಲ. ಸಕ್ಕರೆ ಬಿಟ್ಟ ಮಾಸ್ತರು ಮಾತ್ರ ತಾವು ಸಕ್ಕರೆ ಬಿಟ್ಟ ಸಂಗತಿಯನ್ನು ಬಂದ ಗಿರಾಕಿಗಳಿಗೆಲ್ಲ ತಿಳಿಸಿದರು.

ಎರಡನೆಯ ವಾರ ಅವಳು ಹೊಲಿಗೆ ನಿಲ್ಲಿಸಿ ಎಡಹುಬ್ಬನ್ನು ಅಂಗೈಯಿಂದ ಒತ್ತಿ ಹಿಡಿದು ಕೂತದ್ದನ್ನು ಮಾಸ್ತರು ಕಂಡರು. ಒಮ್ಮೆಯಲ್ಲ, ನಾಲ್ಕೈದು ಸಲ ಕಂಡರು. ಏನಾಯ್ತು ಎಂದು ಕೇಳುವುದು ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಅವಳ ವ್ರತ ತಮ್ಮಿಂದಲೇ ಮುರಿಯುತ್ತದಲ್ಲ ಎಂದುಕೊಂಡು ಸುಮ್ಮನಾದರು. ಸುಮ್ಮನಾದದ್ದಕ್ಕೆ ಒಳಗೊಳಗೇ ಹೆಮ್ಮೆಯನ್ನೂ ಪಟ್ಟರು.

ನಾಲ್ಕನೆಯ ವಾರ ಒಂದು ಕಪ್ಪು ಕೋಟಿಗೆ ಅವಳು ನೀಲಿ ದಾರದಲ್ಲಿ ಕಾಜಾ ಹೊಲಿದಿದ್ದಳು. ಮಾಸ್ತರು ಕೋಟನ್ನು ಬೆಳಕಿಗೆ ಹಿಡಿದರು.

"ಕಣ್ಣೆಲ್ಲಿಟ್ಕೊಂಡು ಹೊಲಿದೆ?"

ಅವಳು ಕೋಟನ್ನು ಈಸಿಕೊಂಡು, ಬ್ಲೇಡಿನಿಂದ ಒಂದೊಂದೇ ಎಳೆ ಬಿಚ್ಚತೊಡಗಿದಳು. ಮೂವತ್ತು ವರ್ಷದಲ್ಲಿ ಎದುರು ಮಾತಾಡದೆ ಬೈಸಿಕೊಂಡದ್ದು ಅದೇ ಮೊದಲು, ಮಾಸ್ತರು ಅದನ್ನು ದೇವರ ಕೃಪೆ ಎಂದುಕೊಂಡರು.

ಈಸ್ಟರ್ ದಿನ ಚರ್ಚಿನಿಂದ ಬಂದವಳೇ ಅವಳು ಸ್ಟೂಲಿನ ಮೇಲೆ ಕೂತಳು.

"ರೀ, ಇವತ್ತಿಗೆ ಮುಗೀತಲ್ಲ? ಈಗ ಹೇಳಬಹುದಾ?"

ಮಾಸ್ತರು ನಕ್ಕರು. "ಹೇಳು, ನಲವತ್ತು ದಿನದ್ದೂ ಸೇರಿಸಿ ಹೇಳು."

"ಎಡಗಣ್ಣು ಕಾಣಿಸ್ತಿಲ್ಲ. ಹದಿನೈದು ದಿನ ಆಯ್ತು."

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣೊಳಗೆ ಒತ್ತಡ ಏರಿ ನರ ಸತ್ತುಹೋಗಿದೆ, ನೋವು ಶುರುವಾದಾಗಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಬಲಗಣ್ಣಿನಲ್ಲೂ ಒತ್ತಡ ಇದೆ, ದಿನಕ್ಕೆರಡು ಸಲ ಔಷಧಿಯ ಹನಿ ತಪ್ಪಿಸಬಾರದು, ಚೂರು ನೋವು ಅನ್ನಿಸಿದರೂ ಓಡಿ ಬರಬೇಕು ಎಂದು ಎಚ್ಚರಿಸಿದರು.

"ಅಷ್ಟು ನೋವಿದ್ದಾಗ ಯಾಕಮ್ಮ ಹೇಳಲಿಲ್ಲ?"

"ತಪಸ್ಸು ಕಾಲ ಅಲ್ವಾ ಡಾಕ್ಟ್ರೇ," ಎಂದಳು ಅವಳು.

ಮಾಸ್ತರು ಚರ್ಚಿಗೆ ಪಾಪನಿವೇದನೆಗೆ ಹೋದರು. ಎಲ್ಲ ಕೇಳಿಸಿಕೊಂಡ ಫಾದರ್, "ನಿಮ್ಮ ಮಂಡಿನೋವು ನಿಮ್ಮದು ಮಾಸ್ತರೇ, ನೀವು ಒಪ್ಪಿಸಬಹುದು. ಅವರ ಕಣ್ಣನ್ನ ಒಪ್ಪಿಸೋಕೆ ನಿಮಗೆ ಯಾರು ಹೇಳಿದ್ದು?" ಎಂದರು. ದೇವರ ಹೆಸರಿನಲ್ಲಿ ಕ್ಷಮಿಸಿದ್ದೇನೆ ಎಂದೂ ಅಂದರು. ಆ ಮಾತು ಮಾಸ್ತರ ಕಿವಿಗೆ ಬಿತ್ತು, ಅದಕ್ಕಿಂತ ಒಳಗೆ ಇಳಿಯಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ನಿಂತು, "ತಪ್ಪಾಯ್ತು ಕಣೇ, ನನ್ನಿಂದ ಹೀಗಾಯ್ತು," ಎಂದರು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹಾಗನ್ಬೇಡಿ ರೀ. ನಾನು ಮನಸಾರೆ ಕೊಟ್ಟಿದ್ದು. ನೀವು ತಪ್ಪು ತಪ್ಪು ಅಂತಿದ್ರೆ ನಾನು ಕೊಟ್ಟಿದ್ದಕ್ಕೆ ಅರ್ಥ ಏನು ಉಳೀತು?"

ಮಾಸ್ತರು ಆಮೇಲೆ ಪಶ್ಚಾತ್ತಾಪದ ಮಾತನ್ನು ಮನೆಯಲ್ಲಿ ಎತ್ತಲಿಲ್ಲ. ಅಂಗಡಿಯಲ್ಲಿ ಉಪದೇಶ ನಿಂತುಹೋಯಿತು. ಯಾರಾದರೂ ಸೊಂಟನೋವು ಅಂದರೆ, ಡಾಕ್ಟರಿಗೆ ತೋರಿಸಿದಿರಾ ಎಂದಷ್ಟೇ ಕೇಳುತ್ತಾರೆ. ಕಾಜಾಗಳನ್ನು ಈಗ ಅವರೇ ಹೊಲಿಯುತ್ತಾರೆ. ಸೊಟ್ಟಗಾಗುತ್ತವೆ, ಗಿರಾಕಿಗಳು ಕಂಡೂ ಕಾಣದಂತೆ ಒಯ್ಯುತ್ತಾರೆ.

ತಪಸ್ಸು ಕಾಲ ಮುಗಿದರೂ ಅವಳ ಗೊಣಗಾಟ ಹಿಂತಿರುಗಲಿಲ್ಲ. ಮೌನ ಒಗ್ಗಿಹೋಗಿದೆ, ಚೆನ್ನಾಗಿದೆ ಅನ್ನುತ್ತಾಳೆ. ಮಾಸ್ತರು ಬೆಳಿಗ್ಗೆ ಸಂಜೆ ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ಬಲಗಣ್ಣಿಗೆ ಹನಿ ಬಿಡುತ್ತಾರೆ.

"ನೋವಿದೆಯಾ?"

"ಇಲ್ಲ ರೀ."

"ನಿಜ ಹೇಳು."

"ನಿಜವಾಗ್ಲೂ ಇಲ್ಲ."

ನಿಜವೇ ಇರಬಹುದು. ಆದರೂ ಪ್ರತಿ ಸೋಮವಾರ ಮಾಸ್ತರು ಅಂಗಡಿ ಮುಚ್ಚಿ ಅವಳ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಲ್ಲಿ ಅವಳು ಒತ್ತಡ ಅಳೆಯುವ ಯಂತ್ರಕ್ಕೆ ಗದ್ದ ಊರಿ ಕೂರುತ್ತಾಳೆ. ಇವರು ಪಕ್ಕದಲ್ಲಿ ನಿಂತು ಯಂತ್ರ ತೋರಿಸುವ ಅಂಕಿಯನ್ನೇ ನೋಡುತ್ತಾರೆ. ಹೆಂಡತಿಗೆ ನೋವಿದೆಯೋ ಇಲ್ಲವೋ ಎಂಬುದನ್ನು ಅವರೀಗ ಆ ಯಂತ್ರದಿಂದಲೇ ತಿಳಿದುಕೊಳ್ಳಬೇಕು.