ಇನ್ನೂ ಗಟ್ಟಿ ಆಗಿಲ್ಲ

ಮಜ್ಜಿಗೆ ಹುಲ್ಲು ಹಾಕಿ ಕುದಿಸಿದ ಚಹದ ವಾಸನೆ ಬಂದರೆ ನನಗೆ ಇವತ್ತಿಗೂ ಲೆಕ್ಕ ತಪ್ಪುತ್ತದೆ. ಮೊನ್ನೆ ಸಂಜೆ ಹಾಗೇ ಆಯಿತು. ನವನಗರದಲ್ಲಿ ಸಹನಾ ಎಂಬ ಹತ್ತನೆಯ ತರಗತಿಯ ಹುಡುಗಿಗೆ ಮನೆಗೆ ಹೋಗಿ ಗಣಿತ ಹೇಳಿಕೊಡುತ್ತೇನೆ. ಅವಳು ಲೆಕ್ಕ ಬಿಡಿಸುತ್ತಿದ್ದಳು, ನಾನು ತಿದ್ದುತ್ತಿದ್ದೆ. ಪರದೆಯ ಆಚೆಯಿಂದ ಆ ವಾಸನೆ ಬಂದದ್ದೇ ತಡ, ಸರಿಯಾದ ಉತ್ತರದ ಮೇಲೆ ತಪ್ಪು ಎಂದು ಗೀಟು ಹಾಕಿಬಿಟ್ಟೆ.

"ಅಕ್ಕಾರ, ಅದು ಬರೋಬರಿ ಐತ್ರಿ" ಅಂದಳು ಹುಡುಗಿ. ನೋಡಿದರೆ ಹೌದು. ಅಷ್ಟರಲ್ಲಿ ಅವಳ ತಾಯಿ ಕಪ್ಪು ತಂದಿಟ್ಟು ಕೇಳಿದರು: "ಪಾಠ ಎಲ್ಲಾ ಮುಗದಂಗಾತಲ್ರಿ. ಹೆಂಗದಾಳ್ರಿ ನಮ್ಮಾಕಿ?"

ಉತ್ತರ ನನ್ನ ತುಟಿಯ ತನಕ ಬಂದು ನಿಂತಿತ್ತು. ಅದು ಬಹಳ ಹಳೆಯ ಉತ್ತರ. ಅದರ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನೀವೂ ಸ್ವಲ್ಪ ಕೂತುಕೊಳ್ಳಿ.

ನಮ್ಮ ಹುಬ್ಬಳ್ಳಿ ಕಡೆ ಪಾಠ ಹೇಳುವ ಹೆಂಗಸು ಯಾರೇ ಇರಲಿ, ಅವಳು ಅಕ್ಕಾರು. ಸಾಲೆಯ ಅಕ್ಕಾರಿಗೆ ಬೋರ್ಡು, ಬೆಲ್ಲು, ನಿವೃತ್ತಿಯ ದಿನ ಶಾಲು ಎಲ್ಲ ಉಂಟು. ಟ್ಯೂಶನ್ ಅಕ್ಕಾರಿಗೆ ಒಂದು ಹಳೆಯ ಸ್ಕೂಟಿ. ಹಾಲಿನವನಿಗಿಂತ ಎರಡು ಹೆಜ್ಜೆ ಒಳಗೆ ಬರುತ್ತಾಳೆ, ನೆಂಟರಿಗಿಂತ ಎರಡು ಹೆಜ್ಜೆ ಹೊರಗೇ ಉಳಿಯುತ್ತಾಳೆ. ಈ ಊರಿನ ಎಷ್ಟೋ ಮನೆಗಳ ಮುಂದಿನ ಕೋಣೆ ನನಗೆ ಬಾಯಿಪಾಠ. ಯಾವ ಫ್ಯಾನು ಕಿರ್ ಅನ್ನುತ್ತದೆ, ಯಾವ ಕುರ್ಚಿಯ ಕಾಲು ಕುಂಟು, ಎಲ್ಲ ಗೊತ್ತು. ಪರದೆಯ ಆಚೆ ಏನಿದೆ ಎಂದು ಕೇಳಿದರೆ ಮಾತ್ರ ನಾನು ಫೇಲು. ಒಳಗೆ ಯಾರೋ ನಗುತ್ತಾರೆ, ಒಗ್ಗರಣೆ ಚುಂಯ್ ಅನ್ನುತ್ತದೆ, ಇಲ್ಲಿ ನಾನು ಮತ್ತು ವರ್ಗಸಮೀಕರಣ. ಆಮೇಲೆ ಉಣಕಲ್ಲಿನ ನನ್ನ ಮಾಳಿಗೆಯ ಕೋಣೆಗೆ ಬಂದು ಬೀಗ ತೆಗೆಯುವುದು. ಬೀಗ ತೆಗೆಯುವ ಸಪ್ಪಳವಾದರೆ ಒಳಗಿನಿಂದ ಯಾರೂ "ಯಾರು?" ಅನ್ನುವುದಿಲ್ಲ. ಇದಕ್ಕೆ ಒಗ್ಗಿಕೊಂಡಿದ್ದೇನೆ ಅಂತ ಜನರೆದುರು ಹೇಳುತ್ತೇನೆ. ಒಗ್ಗಿಲ್ಲ.

ಪರದೆ ಸರಿಸಿ ನನ್ನನ್ನು ಒಳಗೆ ಕರೆದವರು ಜೈತುನ್‌ಬಿ ಒಬ್ಬರೇ. ಅವರ ಯಜಮಾನರದು ಹಳೇ ಹುಬ್ಬಳ್ಳಿಯಲ್ಲಿ ಬೈಕ್ ರಿಪೇರಿ ಗ್ಯಾರೇಜು, ಹಿಂದೆಯೇ ಮನೆ. ಮಗಳು ರೇಷ್ಮಾ ಆಗ ಹತ್ತನೆಯ ತರಗತಿ. ಮೊದಲ ವಾರವೇ ಪಾಠ ಮುಗಿಸಿ ಏಳುತ್ತಿದ್ದ ನನ್ನನ್ನು ತಡೆದರು. "ಅಲ್ಲೇನು ಕುಂತೀರಿ ಸಾಹೇಬ್ರ ಗತೆ? ಒಳಗ ಬರ್ರಿ ಅಕ್ಕಾರ, ಚಾ ಕುಡದ ಹೋಗೂದು." ಅಡುಗೆಮನೆಯಲ್ಲಿ ಮಣೆ ಹಾಕಿದರು. ಅವರು ಬಳ್ಳೊಳ್ಳಿ ಸುಲಿಯುವುದು, ನಾನೂ ಕೈಜೋಡಿಸುವುದು. ಚಹಕ್ಕೆ ಹಿತ್ತಲಿನ ಮಜ್ಜಿಗೆ ಹುಲ್ಲು. ನಾದಿನಿಯ ಮೇಲಿನ ದೂರು, ಮೊಣಕಾಲಿನ ನೋವು, ಯಾರದೋ ಮದುವೆಯ ಬಿರಿಯಾನಿಗೆ ಉಪ್ಪು ಹೆಚ್ಚಾದದ್ದು. ಒಂದು ತಿಂಗಳಲ್ಲಿ ನೀಲಿ ಹೂವಿನ ಕಪ್ಪೊಂದು ನನ್ನದಾಯಿತು. ಬೇರೆ ಯಾರಾದರೂ ಮುಟ್ಟಿದರೆ "ಅದು ಅಕ್ಕಾರದು, ಇಡು" ಅನ್ನುತ್ತಿದ್ದರು. ನಗಬೇಡಿ, ಆ ಮಾತು ಕೇಳಲೆಂದೇ ನಾನು ಹತ್ತು ನಿಮಿಷ ಮೊದಲೇ ಹೋಗುತ್ತಿದ್ದೆ.

ರೇಷ್ಮಾ ಚುರುಕು. ಜನವರಿ ಬರುವಷ್ಟರಲ್ಲಿ ಪುಸ್ತಕವೆಲ್ಲ ಮುಗಿದು, ನಾನು ಕೊಟ್ಟ ಲೆಕ್ಕ ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಬಿಡಿಸಿಡುತ್ತಿದ್ದಳು. ಒಂದು ಸಂಜೆ ಜೈತುನ್‌ಬಿ ಕೇಳಿದರು: "ಇನ್ನ ಆಕಿ ಒಬ್ಬಾಕೀನ ಓದ್ಕೋತಾಳಲ್ರಿ?"

ನಾನು ಅಂದೆ: "ಇನ್ನೂ ಗಟ್ಟಿ ಆಗಿಲ್ರಿ."

ಸುಳ್ಳು. ದುಡ್ಡಿಗಾಗಿ ಅಂದುಕೊಳ್ಳಬೇಡಿ, ಮುಂದಿನ ಎರಡು ತಿಂಗಳಿನ ಫೀ ಬೇಡವೆಂದೇ ಹೇಳಿದ್ದೆ. ನನಗೆ ಬೇಕಾಗಿದ್ದದ್ದು ಆ ಮಣೆ. ಆದರೆ ಒಮ್ಮೆ ಹೇಳಿದ ಮೇಲೆ ಸಾಧಿಸಿ ತೋರಿಸಬೇಕಲ್ಲ. ದಿನಾ ಅವಳ ವಹಿಯಲ್ಲಿ ತಪ್ಪು ಹುಡುಕಿದೆ. ಗೀಟು ಸೊಟ್ಟ, ಏಕಮಾನ ಬರೆದಿಲ್ಲ, ಒಂದು ಹಂತ ಹಾರಿಸಿದ್ದೀ. "ಇನ್ನೊಮ್ಮೆ ಮಾಡು. ಗಟ್ಟಿ ಆಗಿಲ್ಲ." ಮೊದಮೊದಲು ವಾದಿಸುತ್ತಿದ್ದಳು. ಆಮೇಲೆ ಉತ್ತರ ಬರೆದು ನನ್ನ ಮುಖ ನೋಡತೊಡಗಿದಳು. ನಾನು ತಲೆಯಾಡಿಸಿದ ಮೇಲೇ ಮುಂದಿನ ಲೆಕ್ಕ. ಅದನ್ನು ವಿಧೇಯತೆ ಎಂದುಕೊಂಡು ಬೀಗಿದೆ, ದಡ್ಡ ಹೆಂಗಸು.

ಫಲಿತಾಂಶ ಬಂತು. ಗಣಿತದಲ್ಲಿ ಎಂಬತ್ತೆಂಟು. ಫೇಡೆ ತೆಗೆದುಕೊಂಡು ಹೋದೆ. ಅವಳ ತಂದೆ ಕೈಯ ಎಣ್ಣೆಮಸಿ ತೊಳೆದುಕೊಂಡು ಬಂದು ಡಿಪ್ಲೊಮಾ ಫಾರ್ಮು ಹರವಿದರು. "ಅಪ್ಪ ಎಂಜಿನ್ ಬಿಚ್ಚಿದ್ದು ಸಾಕ್ರಿ. ಮಗಳು ಮಾಡೂದು ಕಲೀಲಿ."

ರೇಷ್ಮಾ ಫಾರ್ಮು ಮುಟ್ಟಲಿಲ್ಲ. "ಬ್ಯಾಡ ಅಬ್ಬಾ. ಅಕ್ಕಾರು ಬಾಜೂಕ ಕುಂತ್ರಷ್ಟ ನನಗ ಬರ್ತದ. ನನ್ನ ಗಣಿತ ಗಟ್ಟಿ ಇಲ್ಲ. ಬೇಕಾದ್ರ ಅವರನ್ನ ಕೇಳ್ರಿ."

ಮೂವರೂ ನನ್ನ ಕಡೆ ನೋಡಿದರು. ಕೈಯಲ್ಲಿ ನೀಲಿ ಹೂವಿನ ಕಪ್ಪು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟರೆ ಎರಡು ತಿಂಗಳ ಸುಳ್ಳು ಹೊರಬೀಳುತ್ತಿತ್ತು, ಕಪ್ಪು ಹೋಗುತ್ತಿತ್ತು. "ಆಕಿ ಮನಸ್ಸಿಗೆ ಬಂದದ್ದು ಮಾಡ್ಲಿ ಬಿಡ್ರಿ" ಅಂದೆ. ಯಜಮಾನರು ಫಾರ್ಮನ್ನು ನಾಕು ಮಡಿಕೆ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅವಳು ಗಣಿತವಿಲ್ಲದ ಕಾಲೇಜು ಸೇರಿದಳು. ನನಗೆ ಆ ಮನೆಗೆ ಮತ್ತೆ ಹೋಗುವ ಮುಖ ಉಳಿಯಲಿಲ್ಲ. ಯಾವುದಕ್ಕಾಗಿ ಸುಳ್ಳು ಹೇಳಿದೆನೋ ಅದೂ ದಕ್ಕಲಿಲ್ಲ.

ಈಗ ಅವಳು ಒಂದು ಸೀರೆ ಅಂಗಡಿಯ ಕೌಂಟರಿನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅಲ್ಲಿ ಸಿಕ್ಕಾಗ ಅಕ್ಕರೆಯಿಂದ ಮಾತಾಡಿಸಿ ನಂಬರು ಕೊಟ್ಟಿದ್ದಳು. ನಾನು ಫೋನು ಮಾಡಿರಲಿಲ್ಲ.

ಮೊನ್ನೆ ಸಹನಾಳ ತಾಯಿ ಉತ್ತರಕ್ಕೆ ಕಾಯುತ್ತ ನಿಂತಿದ್ದರು. ಹುಡುಗಿ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದಳು. ಆ ನೋಟದ ಗುರುತು ನನಗೆ ಸಿಕ್ಕಿತು.

"ಗಟ್ಟಿ ಆಗ್ಯಾಳ್ರಿ. ನಾಳಿಯಿಂದ ನಾ ಬರೂದು ಬ್ಯಾಡ."

"ಯಾಕ್ರಿ ಅಕ್ಕಾರ, ಸಿಟ್ಟಾದ್ರೇನು?"

"ಇಲ್ರಿ. ಆಕಿಗೆ ಬರ್ತದ, ಅಷ್ಟ."

ಚಹ ಪೂರ್ತಿ ಕುಡಿದು ಎದ್ದೆ. ಕೋಣೆಗೆ ಬಂದು ಬೀಗ ತೆಗೆದಾಗ ಇನ್ನೂ ಬಿಸಿಲಿತ್ತು. ಮರುದಿನ ಅದೇ ಹೊತ್ತಿಗೆ ಪಾಠಕ್ಕೆ ಹೋಗಲು ಮನೆಯಿರಲಿಲ್ಲ. ಆ ಹೊತ್ತಿನಲ್ಲಿ ಕೂತು ರೇಷ್ಮಾಳಿಗೆ ಫೋನು ಹಚ್ಚಿದೆ. ಜನವರಿಯಿಂದ ಹಿಡಿದು ಎಲ್ಲ ಹೇಳಿದೆ. "ನಿನಗ ಬರ್ತಿತ್ತು ರೇಷ್ಮಾ. ನನ್ನ ಸಲುವಾಗಿ ನಿನಗ ಬರಂಗಿಲ್ಲ ಅಂದೆ."

ಆಚೆ ಕಡೆ ಯಾರೋ ಸೀರೆಯ ಬಣ್ಣ ಕೇಳುತ್ತಿದ್ದರು. ಅವಳು ಅವರನ್ನು ಪಕ್ಕದ ಕೌಂಟರಿಗೆ ಕಳಿಸಿದಳು. ಆಮೇಲೆ ಅಂದಳು: "ಅವಾಗ ಹೇಳಬೇಕಿತ್ತಲ್ರಿ ಅಕ್ಕಾರ."

ಹೌದು ಅಂದೆ.

ಫೋನು ಇಡುವ ಮೊದಲು, ನಮ್ಮೂರಿನ ಯಾರೇ ಆದರೂ ಕೇಳುವ ಹಾಗೆ ಕೇಳಿದಳು: "ಚಾ ಆತೇನ್ರಿ?"

ಆಗಿರಲಿ ಬಿಡಲಿ, ಆತು ಅನ್ನುವುದು ರೂಢಿ. ಇಷ್ಟು ವರ್ಷ ಎಲ್ಲರಿಗೂ ನಾನು ಹಾಗೇ ಅಂದಿದ್ದೇನೆ.

"ಇಲ್ಲವ್ವಾ," ಅಂದೆ. "ಇನ್ನೂ ಆಗಿಲ್ಲ."