ಮೂರು ಗಂಟೆಯ ಬಾಣಂತನ

ಅಲೈಡಾಳಿಗೆ ಊರವರ ಹೆಸರು ಮರೆತರೂ ಅವರ ಮೊದಲ ಎಂಟು ದಿನಗಳು ಮರೆಯುವುದಿಲ್ಲ. ಬುಧವಾರದ ಸಂತೆಯಲ್ಲಿ ಚೀಸ್ ತೂಗಿಕೊಡುವ ಗಡ್ಡದ ಆಸಾಮಿ ಅವಳ ಪಾಲಿಗೆ ಈಗಲೂ ತೇಗು ಬಾರದೆ ಕೆಂಪಗೆ ಕಿರುಚುತ್ತಿದ್ದ ಕೂಸು. ಅಂಚೆ ಕಚೇರಿಯ ಕೌಂಟರಿನ ಹಿಂದೆ ಗಂಟುಮುಖ ಹಾಕಿಕೊಂಡು ಕೂರುವ ಹೆಂಗಸು ಸ್ನಾನದ ನೀರು ಸೋಕಿದೊಡನೆ ಮೈ ಸಡಿಲ ಬಿಟ್ಟು ನಿದ್ದೆ ಹೋಗುತ್ತಿದ್ದವಳು. ಅವರು ಚಿಲ್ಲರೆ ಎಣಿಸುತ್ತಿದ್ದರೆ ಇವಳು ಎಲ್ಲಿಗೋ ತೇಲಿಹೋಗಿ, ಕೊಂಡದ್ದೇನು ಕೊಟ್ಟದ್ದೆಷ್ಟು ಎಂಬುದನ್ನೇ ಮರೆತು ನಿಂತುಬಿಡುತ್ತಾಳೆ. "ಅಲೈಡಾ, ಕೆಳಗಿಳಿದು ಬಾ, ಹಿಂದೆ ಜನ ಕಾಯ್ತಿದಾರೆ," ಎಂದು ಯಾರಾದರೂ ಹೇಳಬೇಕು.

ಬಾಣಂತನ ಅವಳ ಕಸುಬು. ಹೆರಿಗೆಯಾದ ಮನೆಗೆ ಸೈಕಲ್ ತುಳಿದುಕೊಂಡು ಹೋಗಿ, ಎಂಟು ದಿನ ತಾಯಿಯನ್ನೂ ಕೂಸನ್ನೂ ನೋಡಿಕೊಂಡು, ಒಂಬತ್ತನೆಯ ದಿನ ಇನ್ನೊಂದು ಮನೆಯ ಬಾಗಿಲು ತಟ್ಟುವುದು. ಮೂವತ್ತಮೂರು ವರ್ಷದಿಂದ ಇದೇ. ಅವಳು ಹುಟ್ಟಿದ್ದು ಅಪ್ಪನ ಸರಕು ದೋಣಿಯಲ್ಲಿ, ಬೆಳೆದದ್ದು ಕಾಲುವೆಗಳ ಮೇಲೆ. ಅದಕ್ಕೇ ಇರಬೇಕು, ಮಂಜು ಕವಿದ ಬೆಳಗುಗಳಲ್ಲಿ ಸಮುದ್ರದ ಒಡ್ಡಿನ ಗುಂಟ ಹೋಗುವಾಗ ಹೊಲದ ನಡುವಿನ ಮನೆಗಳೆಲ್ಲ ಲಂಗರು ಹಾಕಿದ ದೋಣಿಗಳಂತೆ ಕಾಣುತ್ತವೆ. ಆ ಒಂದು ದೋಣಿಯೊಳಗೆ ಯಾರೋ ನಿನ್ನೆಯಷ್ಟೇ ಬಂದಿಳಿದಿದ್ದಾರೆ, ಇದು ಯಾವ ಊರೆಂದು ಅವರಿಗಿನ್ನೂ ತಿಳಿದಿಲ್ಲ ಎಂದುಕೊಳ್ಳುತ್ತ ತುಳಿಯುತ್ತಾಳೆ.

ಒಂದೇ ಒಂದು ಕೂಸಿನ ನೆನಪು ಮಾತ್ರ ಅವಳಿಗೆ ಹಿತವಾಗಿರಲಿಲ್ಲ. ಕಸುಬಿಗೆ ಹೊಸಬಳಾಗಿದ್ದಾಗ ಹಿಸ್ಕೆ ಎಂಬುವಳಿಗೆ ಬೆಳಗಿನ ಹೊತ್ತು ಮಾತ್ರ ಬಾಣಂತನ ಮಾಡಿದ್ದಳು. ಮಗು ಡೌವೆ, ಚೊಚ್ಚಲು. ಬೆಳಿಗ್ಗೆ ಚೆನ್ನಾಗಿಯೇ ಕುಡಿಯುತ್ತಿತ್ತು, ಆದರೂ ದಿನದಿಂದ ದಿನಕ್ಕೆ ತೂಕ ಇಳಿದು ಐದನೆಯ ದಿನ ಪಟ್ಟಣದ ಆಸ್ಪತ್ರೆ ಸೇರಿತು. ಆರೈಕೆಯ ಪುಸ್ತಕದಲ್ಲಿ ಅಲೈಡಾ ತನ್ನ ಕೈಯಾರೆ 'ತಾಯಿಯ ಹಾಲು ಸಾಲದು' ಎಂದು ಬರೆದಳು. ಮಗು ಬಾಟಲಿ ಹಾಲು ಕುಡಿದು ಗುಂಡುಕಲ್ಲಿನಂತಾಯಿತು. ಹಿಸ್ಕೆ ಆಮೇಲೆ ಹುಟ್ಟಿದ ಎರಡು ಮಕ್ಕಳನ್ನು ಎದೆಗೆ ಹಚ್ಚಲೇ ಇಲ್ಲ. "ನಂದು ಹಾಲಲ್ಲ ಬಿಡಿ, ಕಾಲುವೆ ನೀರು," ಎಂದು ಊರವರು ನಗುವ ಮೊದಲೇ ತಾನೇ ನಕ್ಕುಬಿಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಲೈಡಾ ಕೂಡ ಒಂದೆರಡು ಸಲ ನಕ್ಕದ್ದುಂಟು.

ಈ ವರ್ಷದ ಮಾರ್ಚಿನಲ್ಲಿ ಅದೇ ಡೌವೆ ತಂದೆಯಾದ. ಮನೆಯೂ ಅದೇ. ತಾಯಿ ಹಿಸ್ಕೆ ಅಂಗಳದಾಚೆಯ ಚಿಕ್ಕ ಮನೆಗೆ ಹೋಗಿದ್ದಳು, ದೊಡ್ಡ ಮನೆಯಲ್ಲಿ ಡೌವೆ ಮತ್ತು ಅವನ ಹೆಂಡತಿ ಮಾರಿತ್. ಹೆರಿಗೆಗೆ ಆರು ತಿಂಗಳಿರುವಾಗಲೇ ಅಲೈಡಾಳಂಥವರನ್ನು ಮನೆಮನೆಗೆ ಕಳಿಸುವ ಆರೈಕೆಯ ಕಚೇರಿಯವರು ಫೋನಿನಲ್ಲಿ ಕೇಳಿದ್ದರು:

"ಎಂಟು ದಿನಕ್ಕೆ ನಲವತ್ತೊಂಬತ್ತು ಗಂಟೆ ಬರ್ಕೊಳ್ಳಲಾ?"

"ಎಲ್ಲಕ್ಕಿಂತ ಕಮ್ಮಿ ಅಂದ್ರೆ ಎಷ್ಟು?" ಎಂದ ಡೌವೆ.

"ಇಪ್ಪತ್ತನಾಲ್ಕು."

"ಅಷ್ಟೇ ಸಾಕು. ಮಿಕ್ಕಿದ್ದು ನಾವೇ ನೋಡ್ಕೋತೀವಿ."

ವಿಮೆಯವರು ಬಹುಪಾಲು ಕೊಟ್ಟರೂ ಗಂಟೆಗೆ ಐದೂವರೆ ಯೂರೋ ನಮ್ಮ ಕೈಯಿಂದಲೇ ಬೀಳುತ್ತದೆ. ಇಪ್ಪತ್ತೈದು ಗಂಟೆ ಬಿಟ್ಟರೆ ನೂರಮೂವತ್ತೇಳೂವರೆ ಯೂರೋ ಉಳಿಯಿತು. ಉತ್ತರದ ಈ ಒಡ್ಡಿನ ಹಿಂದೆ ಬೆಳೆದ ಜನಕ್ಕೆ ಉಳಿತಾಯವೆಂದರೆ ಹಣದ ಮಾತಲ್ಲ, ನಡತೆಯ ಮಾತು. ದುಡ್ಡಿಲ್ಲದೆ ಉಳಿಸುವವರು ಎಲ್ಲ ಕಡೆಯೂ ಇದ್ದಾರೆ, ದುಡ್ಡಿದ್ದೂ ಉಳಿಸಬೇಕೆಂದರೆ ನಮ್ಮವರೇ ಆಗಬೇಕು. ಬಾಣಂತಿಯ ಮಂಚ ಎತ್ತರದಲ್ಲಿರಬೇಕು, ಆರೈಕೆಯವಳ ಸೊಂಟ ಉಳಿಯಬೇಕು ಎಂದು ನಿಯಮ. ಅದಕ್ಕೆ ಬೇಕಾದ ದಿಮ್ಮಿಗಳು ಬಾಡಿಗೆಗೆ ಸಿಗುತ್ತವೆ. ಡೌವೆ ಬೀದಿಯ ಮನೆಮನೆಯಿಂದ ಖಾಲಿ ಬಿಯರ್ ಕ್ರೇಟು ಬೇಡಿ ತಂದು ನಾಲ್ಕು ಕಾಲಿಗೂ ಕೊಟ್ಟ.

ಮೊದಲ ದಿನ ಅಲೈಡಾ ಮಹಡಿ ಹತ್ತಿದಾಗ ಮಾರಿತ್ ಅಟ್ಟದ ಸೂರಿನ ಹತ್ತಿರ, ಕಿಟಕಿಯ ಮಂಜಿಗೆ ಸಮನಾಗಿ ಮಲಗಿದ್ದಳು. ಪಕ್ಕದ ತೊಟ್ಟಿಲಲ್ಲಿ ಎರಡನೆಯ ದಿನದ ಕೂಸು, ಹೆಸರು ನೀಂಕೆ.

"ಇಲ್ಲಿಂದ ಒಡ್ಡಿನ ಮೇಲಿನ ಕುರಿ ಕಾಣ್ತವೆ ಅಲೈಡಾ," ಎಂದಳು ಮಾರಿತ್. "ರಾತ್ರಿ ಎಲ್ಲ ಮಂಚ ತೇಲ್ತಿತ್ತು ಅನ್ನಿಸ್ತು. ನಂಗೆ ತಲೆ ಕೆಟ್ಟಿಲ್ಲ ತಾನೆ?"

"ತೇಲ್ಲಿ ಬಿಡು ಹುಡುಗಿ. ನಾನು ಹುಟ್ಟಿದಾಗಿಂದ ತೇಲ್ತಾನೇ ಇದೀನಿ, ಏನೂ ಆಗಿಲ್ಲ."

ಒಂಬತ್ತರಿಂದ ಹನ್ನೆರಡರವರೆಗಿನ ಆ ಮೂರು ಗಂಟೆಗಳು ಅಲೈಡಾಳಿಗೆ ಬದುಕಿನಲ್ಲಿ ಎಲ್ಲಕ್ಕಿಂತ ಪ್ರಿಯವಾದ ಹೊತ್ತು. ಬೆಚ್ಚಗಿನ ಕೋಣೆ, ಹಾಲಿನ ವಾಸನೆ, ಕಿಟಕಿಯ ಗಾಜಿನ ಮೇಲೆ ಮೂಡಿದ ಆವಿ. ಬಕೆಟ್ಟಿನಷ್ಟು ನೀರಿನಲ್ಲಿ ಕೂಸು ಕೈ ಬಿಚ್ಚಿ ತನಗೆ ಪರಿಚಯದ ಯಾವುದನ್ನೋ ಹುಡುಕುತ್ತಿತ್ತು. ಮೈ ಒರೆಸಿ ಎದೆಗೆ ಹಚ್ಚಿದರೆ ಚಪ್ಪರಿಸಿ ಕುಡಿಯುತ್ತಿತ್ತು. ಮಾರಿತ್ ಕಣ್ಣು ಮುಚ್ಚಿಕೊಂಡು ಏನೇನೋ ಕೇಳುತ್ತಿದ್ದಳು, ಅಲೈಡಾ ಬಟ್ಟೆ ಮಡಿಸುತ್ತ ಏನೇನೋ ಹೇಳುತ್ತಿದ್ದಳು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹನ್ನೆರಡಕ್ಕೆ ಚರ್ಚಿನ ಗಂಟೆ ಹೊಡೆದಾಗ ಇಬ್ಬರೂ ನಿದ್ದೆಯಿಂದ ಎದ್ದವರಂತೆ ಮುಖ ನೋಡಿಕೊಳ್ಳುತ್ತಿದ್ದರು.

ಆದರೆ ತೂಕದ ತಕ್ಕಡಿ ಕನಸು ಕಾಣುವುದಿಲ್ಲ. ಹುಟ್ಟಿದಾಗ ಮೂರು ಸಾವಿರದ ನಾನೂರು ಗ್ರಾಂ ಇದ್ದ ನೀಂಕೆ ಮೂರನೆಯ ದಿನ ಮೂರು ಸಾವಿರದ ನೂರತೊಂಬತ್ತಕ್ಕೆ ಬಂದಳು, ನಾಲ್ಕನೆಯ ದಿನ ಮೂರು ಸಾವಿರದ ತೊಂಬತ್ತಕ್ಕೆ. ನೋಡಲು ಬಂದ ಸೂಲಗಿತ್ತಿ ತುಟಿ ಕಚ್ಚಿಕೊಂಡಳು. "ನಾಳೆ ಇನ್ನೂ ಮೂವತ್ತು ಗ್ರಾಂ ಇಳಿದ್ರೆ ಆಸ್ಪತ್ರೆಗೆ ಕಳಿಸ್ಬೇಕಾಗತ್ತೆ. ಬೇಕಿದ್ರೆ ಆರೈಕೆಗೆ ಹೆಚ್ಚು ಗಂಟೆ ಬರ್ಕೊಡ್ತೀನಿ," ಎಂದಳು.

ಅಂಗಳದಾಚೆಯಿಂದ ಬಂದಿದ್ದ ಹಿಸ್ಕೆ ಬಾಗಿಲಲ್ಲೇ ನಿಂತಿದ್ದಳು. ಸೊಸೆ ಹಾಲೂಡುವಾಗ ಅವಳು ಎಂದೂ ಒಳಗೆ ಬರುತ್ತಿರಲಿಲ್ಲ.

"ಗಂಟೆ ಕೊಂಡ್ರೆ ಹಾಲು ಬರತ್ತಾ?" ಎಂದಳು. "ಈ ಮನೆಗೆ ಬಂದ ಸೊಸೆಯರಿಗೆ ಹಾಲು ನಿಲ್ಲಲ್ಲ. ನನಗೂ ಹಾಗೇ ಆಯ್ತು. ಸುಮ್ನೆ ಬಾಟಲಿ ತರಿಸಿ, ಮಗು ಒಣಗಿಸ್ಬೇಡಿ."

ಮಾರಿತ್ ಎತ್ತರದ ಮಂಚದ ಮೇಲೆ ಗೋಡೆಯ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು. ಅಷ್ಟರಲ್ಲಿ ಹನ್ನೆರಡಾಯಿತು. ಗಂಟೆ ಮುಗಿದ ಮೇಲೆ ಆ ಮನೆಯ ಕೂಸನ್ನು ಮುಟ್ಟಿದರೂ ಕಚೇರಿಯವರು ಅವಳ ಕೆಲಸ ಕಿತ್ತುಕೊಳ್ಳುತ್ತಿದ್ದರು. ಹಿಂದೊಮ್ಮೆ ಹೀಗೆ ಸಿಕ್ಕಿಬಿದ್ದು ಬೈಸಿಕೊಂಡದ್ದೂ ಇತ್ತು.

ಮನೆಗೆ ಹೋಗಿ ಅವಳು ಸೂಪಿನ ತಟ್ಟೆಯ ಮುಂದೆ ಎರಡು ಗಂಟೆ ಕೂತಳು. ಬೆಳಿಗ್ಗೆ ಅಷ್ಟು ಚೆನ್ನಾಗಿ ಕುಡಿಯುವ ಕೂಸು ಇಳಿಯುವುದಾದರೂ ಹೇಗೆ? ಆಗಲೂ ಹೀಗೇ ಕುಡಿಯುತ್ತಿತ್ತಲ್ಲ, ಆಗಲೂ ಹೀಗೇ ಇಳಿಯಿತಲ್ಲ. ಹಾಲಿನ ಮನೆತನವೆಂಬುದೊಂದು ಇರುತ್ತದೆಯೇ? ಅದೂ ಸೊಸೆಯರಿಗೆ? ಎದ್ದು ಬಿಳಿಯ ಮೇಲಂಗಿ ಬಿಚ್ಚಿಟ್ಟು, ನೀಲಿ ಸ್ವೆಟರ್ ತೊಟ್ಟು, ಅದರ ಮೇಲೆ ಕೋಟು ಹಾಕಿಕೊಂಡು ಮತ್ತೆ ಸೈಕಲ್ ಹತ್ತಿದಳು. ಆರೈಕೆಯವಳು ಹೋಗಬಾರದು ನಿಜ, ಕೂಸು ನೋಡಲು ಬರುವ ನೆಂಟರನ್ನು ಯಾವ ಕಚೇರಿಯೂ ತಡೆಯುವುದಿಲ್ಲ. ಆದರೆ ಮುಂಚಿತವಾಗಿ ದಿನ ಗೊತ್ತುಮಾಡದೆ ನಮ್ಮಲ್ಲಿ ಒಬ್ಬರ ಮನೆಗೆ ಹೋಗುವುದೆಂದರೆ ಕನ್ನ ಹಾಕುವುದಕ್ಕಿಂತ ಒಂದೇ ಮೆಟ್ಟಿಲು ಕಡಿಮೆ.

ಬಾಗಿಲು ತೆಗೆದ ಡೌವೆ ಅವಳನ್ನು ನೋಡಿ ಗಾಬರಿಯಾದ.

"ಏನು ಮರೆತು ಹೋದ್ರಿ?"

"ಏನೂ ಇಲ್ಲ. ಕೂಸು ನೋಡೋಕೆ ಬಂದೆ, ನೆಂಟಳಾಗಿ. ಬಂದವರಿಗೆ ಕೊಡೋ ರಸ್ಕ್ ನಂಗೂ ಕೊಡ್ತೀಯೋ ಇಲ್ವೋ?"

ಅವನು ಅಡುಗೆಮನೆಗೆ ಹೋಗಿ ರಸ್ಕಿಗೆ ಬೆಣ್ಣೆ ಸವರಿ, ಹೆಣ್ಣು ಕೂಸೆಂದು ಗುಲಾಬಿ ಬಣ್ಣದ ಸಕ್ಕರೆ ಸೋಂಪು ಉದುರಿಸಿ ತಂದ. ಸೋಂಪು ಎಣಿಸಿಕೊಳ್ಳಬಹುದಾದಷ್ಟಿತ್ತು. ಅಲೈಡಾ ತಟ್ಟೆ ಹಿಡಿದು ಕೂತವಳು ಕೋಟು ಬಿಚ್ಚಲಿಲ್ಲ. ಅವಳ ಉಸಿರು ಹೊಗೆಯಾಗುವುದೊಂದು ಬಾಕಿ.

"ಕೋಟು ತೆಗೀರಿ," ಎಂದ ಡೌವೆ.

"ಇರಲಿ ಬಿಡಪ್ಪ."

ಅವನ ಮುಖ ಕಿವಿಯವರೆಗೂ ಕೆಂಪಾಯಿತು. "ನೀವು ಹೋದ ಮೇಲೆ ಹೀಟರ್ ಇಳಿಸ್ತೀವಿ. ಜನ ಬಂದಾಗ ಮಾತ್ರ ಏರಿಸೋದು. ಅಮ್ಮನ ಕಾಲದಿಂದ ಈ ಮನೇಲಿ ಹಾಗೇ. ಸ್ವೆಟರ್ ಹಾಕ್ಕೊಂಡ್ರೆ ಚಳಿ ಏನು ಮಾಡತ್ತೆ?"

"ಅಮ್ಮನ ಕಾಲದಿಂದಲೂ?"

"ಯಾವಾಗ್ಲೂ."

ಅಲೈಡಾ ತಟ್ಟೆ ಕೆಳಗಿಟ್ಟು ಮಹಡಿ ಹತ್ತಿದಳು. ಮಾರಿತ್ ಎರಡು ಹೊದಿಕೆಯೊಳಗೆ ಮುದುಡಿದ್ದಳು. "ಪಾಪ, ಮಧ್ಯಾಹ್ನ ಪೂರ್ತಿ ಎಷ್ಟು ಚೆನ್ನಾಗಿ ಮಲಗ್ತಾಳೆ ನೋಡಿ," ಎಂದಳು. "ಎಬ್ಬಿಸೋಕೆ ಮನಸ್ಸೇ ಬರಲ್ಲ." ಅಲೈಡಾ ಕೂಸಿನ ಕತ್ತಿನ ಹಿಂದೆ ಎರಡು ಬೆರಳಿಟ್ಟಳು. ತಣ್ಣಗಿತ್ತು. ಬೆಳಿಗ್ಗೆ ತಾನೇ ತುಂಬಿಸಿ ತೊಟ್ಟಿಲಲ್ಲಿಟ್ಟಿದ್ದ ಬಿಸಿನೀರಿನ ಸೀಸೆ ಕೂಡ ಕಲ್ಲಿನಂತೆ ತಣ್ಣಗಾಗಿತ್ತು. ಅದು ನಿದ್ದೆಯಾಗಿರಲಿಲ್ಲ. ಕೂಸು ಇರುವಷ್ಟು ಕಾವನ್ನು ಉಳಿಸಿಕೊಳ್ಳಲು ಹೆಣಗಿ, ಸೋತು, ಹಸಿವನ್ನೇ ಮರೆತು ಬಿದ್ದುಕೊಂಡಿತ್ತು. ಮೂರು ಗಂಟೆ ಕುಡಿದದ್ದನ್ನು ಮಿಕ್ಕ ಇಪ್ಪತ್ತೊಂದು ಗಂಟೆಯ ಚಳಿ ತಿಂದುಹಾಕುತ್ತಿತ್ತು. ಈ ಮನೆಯ ಮಧ್ಯಾಹ್ನವನ್ನು ಅಲೈಡಾ ಆಗಲೂ ಕಂಡಿರಲಿಲ್ಲ, ಈಗಲೂ ಕಂಡಿರಲಿಲ್ಲ. ಕಂಡದ್ದೆಲ್ಲ ತನಗಾಗಿ ಬೆಚ್ಚಗೆ ಮಾಡಿಟ್ಟ ಬೆಳಗು ಮಾತ್ರ.

"ಡೌವೆ," ಎಂದು ಮೆಟ್ಟಿಲ ಮೇಲಿಂದ ಕರೆದಳು. "ಹೀಟರ್ ಇಪ್ಪತ್ತೊಂದು ಡಿಗ್ರಿಗೆ ಏರಿಸು. ಈ ತಿಂಗಳು ಪೂರ್ತಿ ಅದನ್ನ ಮುಟ್ಬೇಡ."

ನಿಯಮ ಮುರಿದರೆ ಮುರಿಯಲಿ ಎಂದು ಕೂಸಿನ ಬಟ್ಟೆ ಬಿಚ್ಚಿ ತಾಯಿಯ ಬರಿಮೈ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಿದಳು. ಹೀಟರಿನ ಕೊಳವೆಗಳು ಟಿಕ್ ಟಿಕ್ ಎನ್ನುತ್ತ ಕಾಯತೊಡಗಿದವು. ಕಿಟಕಿಯಲ್ಲಿ ಕುರಿಗಳು ಮಂಜಿನೊಳಗೆ ಹೋಗಿ ಬಂದು ಮಾಡುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಹೊದಿಕೆಯೊಳಗಿಂದ ಬೆಕ್ಕಿನ ಮರಿಯಂಥ ಸದ್ದು ಬಂತು. ಆಮೇಲೆ ಚಪ್ಪರಿಸುವ ಸದ್ದು. ಮಾರಿತ್ ಅಳುತ್ತ ನಕ್ಕಳು. ಡೌವೆ ಬಾಗಿಲಲ್ಲಿ ನಿಂತು, "ನಾನು ಇಷ್ಟು ದಿನ ಇವಳನ್ನ…" ಎನ್ನುತ್ತ ಕೆಳಗಿಳಿದು ಹೋದ.

ಮರುದಿನ ಬೆಳಿಗ್ಗೆ ತಕ್ಕಡಿಯಲ್ಲಿ ಮೂರು ಸಾವಿರದ ನೂರಮೂವತ್ತು. ಡೌವೆ ಯಾರೂ ಹೇಳದೆಯೇ ಕಚೇರಿಗೆ ಫೋನು ಮಾಡಿ ಉಳಿದ ಗಂಟೆಗಳನ್ನೆಲ್ಲ ಬರೆಸಿದ. ಅಲೈಡಾಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಹಿಸ್ಕೆಯ ಮಾನ ಹೋದದ್ದು ಅಡಿಕೆಗೂ ಅಲ್ಲ, ತಾನು ಬರೆದ ಮೂರು ಪದಗಳಿಗೆ. ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ, ಮಗುವನ್ನು ಚಳಿಗೆ ಹಾಕಿದವಳು ನೀನೇ ಎಂದಂತೆಯೂ ಆಗುತ್ತದೆ. ಸಂಜೆಯ ಪಾಳಿ ಮುಗಿಸಿ ಅಂಗಳ ದಾಟುವಾಗ ಅವಳಿಗೆ ಒಂದು ಗಳಿಗೆಯೂ ಕನಸು ಹತ್ತಲಿಲ್ಲ.

ಹಿಸ್ಕೆ ಆಲೂಗಡ್ಡೆ ಹೆರೆಯುತ್ತಿದ್ದಳು. ಅಲೈಡಾ ಎದುರಿಗೆ ಕೂತು, ತಡವರಿಸದೆ ಎಲ್ಲವನ್ನೂ ಹೇಳಿದಳು. "ಆವತ್ತು ನಾನು ಬರೆದದ್ದು ತಪ್ಪು ಹಿಸ್ಕೆ. ನಾನು ಬೆಳಿಗ್ಗೆ ಬಿಟ್ಟು ಬೇರೆ ಹೊತ್ತು ನೋಡ್ಲೇ ಇಲ್ಲ. ಕೇಳ್ಲೂ ಇಲ್ಲ."

ಹಿಸ್ಕೆ ಆ ಒಂದು ಗಡ್ಡೆಯನ್ನು ಪೂರ್ತಿ ಹೆರೆದು ನೀರಿಗೆ ಹಾಕಿದಳು.

"ಹಾಗಾದ್ರೆ ನನ್ನ ಹಾಲು ಸರಿಯಾಗಿತ್ತಾ?"

"ಸರಿಯಾಗಿತ್ತು."

"ಅವನು ಆಸ್ಪತ್ರೇಲಿದ್ದಾಗ ಎದೆ ಕಲ್ಲಾಗಿತ್ತು ಕಣೆ. ತಲೆದಿಂಬು ಎಲ್ಲ ಒದ್ದೆ. ನೀರು ತಾನೆ ಅಂತ ಬಟ್ಟೆ ಬಿಗಿದು ಕಟ್ಕೊಂಡೆ." ಅವಳು ಕೈ ಒರೆಸಿಕೊಂಡಳು. "ಆ ಚಳಿಗಾಲ ಎಷ್ಟು ಉಳಿಸಿದ್ವಿ ಅಂತ ಇನ್ನೂ ನೆನಪಿದೆ. ಆಗಿನ ದುಡ್ಡಲ್ಲಿ ಅರವತ್ತು ಗಿಲ್ಡರ್. ಅದ್ರಲ್ಲೇ ಬಾಟಲಿ, ಹಾಲಿನ ಪುಡಿ ತಂದಿದ್ದು."

ಅಲೈಡಾ ಕ್ಷಮಿಸು ಎಂದಳು. ಹಿಸ್ಕೆ ಎದ್ದು, ಆಲೂಗಡ್ಡೆಯನ್ನು ಹಾಗೆಯೇ ಬಿಟ್ಟು, ಚಪ್ಪಲಿ ಬದಲಿಸದೆ ಅಂಗಳಕ್ಕೆ ಇಳಿದಳು. ದೊಡ್ಡ ಮನೆಯ ಮೆಟ್ಟಿಲು ಹತ್ತಿ ಕೋಣೆಯ ಬಾಗಿಲಲ್ಲಿ ನಿಲ್ಲದೆ ಒಳಗೇ ಹೋದಳು. ಮಾರಿತ್ ಹಾಲೂಡಿಸುತ್ತಿದ್ದಳು. ಅತ್ತೆಯನ್ನು ಕಂಡು ಹೊದಿಕೆ ಎಳೆದುಕೊಳ್ಳಹೋದಳು.

"ಮುಚ್ಬೇಡ, ನೋಡ್ತೀನಿ," ಎಂದಳು ಹಿಸ್ಕೆ. ಕ್ರೇಟುಗಳ ಮೇಲಿನ ಆ ಮಂಚ ಅವಳ ಎದೆಯವರೆಗೆ ಬರುತ್ತಿತ್ತು. ಕೂಸಿನ ಗಂಟಲು ಏಳುವುದನ್ನೂ ಇಳಿಯುವುದನ್ನೂ ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಸೊಸೆಗೋ ಕೂಸಿಗೋ ಎಂದು ತಿಳಿಯದಂತೆ, "ನಂಗೂ ಬೇಕಾದಷ್ಟು ಹಾಲಿತ್ತು," ಎಂದಳು. ಮಾರಿತ್ ನಗಲಿಲ್ಲ. ಗೋಡೆಯ ಕಡೆಗೆ ಸರಿದು ಅವಳಿಗೂ ಜಾಗ ಮಾಡಿಕೊಟ್ಟಳು.