ಭಾನುವಾರಕ್ಕೆ ಉಳಿಸಿದ ಮೀನು

ತುಮಕೂರಿನಲ್ಲಿ ಮೀನು ಮಾರಿ ಬದುಕು ಕಟ್ಟಿಕೊಂಡವಳು ನಾನು. ಹುಲಿಯೂರುದುರ್ಗದ ಪಕ್ಕದ ಸಣ್ಣ ಕೆರೆಯೊಂದನ್ನು ಗುತ್ತಿಗೆ ಹಿಡಿದಿದ್ದೆ. ಕಡಲಿಗೆ ದೋಣಿ ಇಳಿಸದ ಮಳೆಗಾಲದ ತಿಂಗಳುಗಳಲ್ಲಿ ಕುಂದಾಪುರ ಕಡೆಯ ಮೀನುಗಾರನೊಬ್ಬ ಬಲೆ ಹೊತ್ತು ಬರುತ್ತಿದ್ದ. ನವರಾತ್ರಿ ಕಳೆದು ಕಡಲು ತಿಳಿಯಾದರೆ ದೂರದ ಮೀನು, ಬೇಸಿಗೆಯಲ್ಲಿ ಮರಳ ಮೇಲೆ ಒಣಮೀನು, ಮಳೆ ಹಿಡಿದರೆ ಹೊಳೆಬಾಯಿ, ಅದೂ ಕೈಕೊಟ್ಟರೆ ನಮ್ಮ ಕೆರೆ. ಅವನ ವರ್ಷ ಹಾಗೆ ಉರುಳುತ್ತಿತ್ತು. ಯಾರ ಜೊತೆಗಾದರೂ ಪಾಲು ಮೊದಲೇ ಮಾತಾಡಿಕೊಳ್ಳಿ. ಹಿಡಿದದ್ದರಲ್ಲಿ ಮೂರಕ್ಕೊಂದು ಅವನದು ಎಂದು ನಾನು ಒಪ್ಪಿಸಿದ್ದೆ.

ಆ ಶುಕ್ರವಾರಕ್ಕೆ ಮೋಡ ಕವಿದು ಮೂರು ದಿನ. ಗಾಳಿಯೇ ಇಲ್ಲ. ದುರ್ಗದ ಬೆಟ್ಟದ ಬಿಂಬ ನೀರೊಳಗೆ ತಲೆಕೆಳಗಾಗಿ ಅಲುಗದೆ ನಿಂತಿತ್ತು. ಕಪ್ಪೆಗಳೂ ಸುಮ್ಮನಿದ್ದವು. ಅವನು ತೆಪ್ಪದಲ್ಲಿ ಕೂತು ಹುಟ್ಟನ್ನು ನೀರಿಗಿಳಿಸಿ, ಮೇಲಿನ ತುದಿಗೆ ಕಿವಿಯಿಟ್ಟ. ಕಡಲಲ್ಲಿ ಮೀನಿನ ಹಿಂಡನ್ನು ಹುಡುಕುವುದು ಹಾಗೆಯಂತೆ.

"ಅಕ್ಕ, ಅಡಿಯಲ್ಲ್ ಒಂದೂ ಆಡುದಿಲ್ಲ. ನೀರಿಗೆ ಉಸ್ರಿಲ್ಲ ಕಾಣಿ. ಇವತ್ತೇ ಬಲಿ ಹಾಕ್ವ."

"ಭಾನುವಾರ ಬರ್ಲಿ ಬುಡಣ್ಣ. ಇವತ್ತು ಬಲೆ ಹಾಕಿದ್ರೆ ಯಾರ್ ತಗೋತಾರೆ ಮೀನ?"

"ಭಾನುವಾರ ನಿಮ್ಗೆ, ಮೀನಿಗೆ ಅಲ್ಲ ಮಾರಾಯ್ರೆ."

"ಪಾಲು ಜಾಸ್ತಿ ಬೇಕಾ? ನೇರ ಕೇಳು. ಕೆರೆ ತೋರ್ಸಿ ಹೆದರಿಸ್ಬೇಡ ಕಣಣ್ಣ."

"ಪಾಲೇ ಬೇಡ. ಬಲಿ ಹಾಕುಕ್ ಬಿಡಿ, ಸಾಕು."

ಬೇಡ ಎನ್ನುವವನು ದೊಡ್ಡದಕ್ಕೆ ಹೊಂಚು ಹಾಕಿರುತ್ತಾನೆ ಎಂಬುದು ನನ್ನ ಇಷ್ಟು ವರ್ಷದ ವ್ಯಾಪಾರದ ಪಾಠ. ನಾನು ಒಪ್ಪಲಿಲ್ಲ. ನೀವು ಈ ತಪ್ಪು ಮಾಡಬೇಡಿ: ನೀರು ಓದಬಲ್ಲವನು ಪಾಲು ಬೇಡವೆಂದರೆ ಚೌಕಾಸಿ ಅಲ್ಲಿಗೇ ನಿಲ್ಲಿಸಿ, ಬಲೆಗೆ ನೀವೂ ಕೈ ಹಾಕಿ.

ಮರುದಿನ ಬೆಳಗ್ಗೆ ಕೆರೆ ಏರಿ ಹತ್ತುವಾಗ ಮಳೆ ಬೀಳುವ ಸದ್ದು ಕೇಳಿತು. ಕೈ ಚಾಚಿದೆ, ಒಂದು ಹನಿಯೂ ಇಲ್ಲ. ಮೇಲೆ ಹೋಗಿ ನೋಡಿದರೆ ನೀರಿನ ತುಂಬ ಬಾಯಿಗಳು. ಸಾವಿರಾರು ಬಾಯಿ ತೆರೆದು, ಮುಚ್ಚಿ, ಗಾಳಿ ಗುಟುಕರಿಸುತ್ತಿದ್ದವು. ಎಲ್ಲವೂ ನನ್ನ ಕಡೆಗೇ ತಿರುಗಿದ ಹಾಗಿತ್ತು. ಅವನು ಆಗಲೇ ಬಲೆ ಹಿಡಿದು ನೀರಿಗಿಳಿದಿದ್ದ.

"ಬೇಗ ಬನ್ನಿ ಅಕ್ಕ, ಬದ್ಕಿದ್ದಷ್ಟ್ ಎಳೂವ!"

ಸೆರಗು ಬಿಗಿದು ಸೊಂಟದವರೆಗೆ ಇಳಿದೆ. ನೀರು ಬೆಚ್ಚಗಿತ್ತು. ಕಾಲಿಗೆ ಮೀನು ತಾಗಿದರೂ ಓಡುತ್ತಿರಲಿಲ್ಲ. ಎರಡು ಸಲ ಬಲೆ ಎಳೆದೆವು. ಮೂರನೆಯ ಸಲಕ್ಕೆ ಬಾಯಿಗಳ ಸದ್ದು ತೆಳುವಾಯಿತು. ಆಮೇಲೆ ಆ ಸದ್ದು ದೂರದ ದಡದಿಂದ ಒಂದೊಂದೇ ಕಡೆ ನಿಲ್ಲುತ್ತ ನಮ್ಮತ್ತ ಬಂತು. ಅದರ ಹಿಂದೆ ಸತ್ತು ಮಗುಚಿದ ಮೀನಿನ ಹೊಟ್ಟೆಗಳಿಂದ ನೀರು ಬಿಳಿಯಾಗುತ್ತಿತ್ತು.

ಕೊನೆಗೆ ನನ್ನ ಮೊಣಕೈ ಹತ್ತಿರ ಒಂದೇ ಬಾಯಿ ತೆರೆದು ಮುಚ್ಚುತ್ತಿತ್ತು. ಬಲೆ ಬಿಟ್ಟು ಇಬ್ಬರೂ ಅದನ್ನೇ ನೋಡುತ್ತ ನಿಂತೆವು.